ಖಾಸಗಿ ವಿಡಿಯೊಗಳ ಸೋರಿಕೆ: ಹರಡುವ ಬಗೆ, ಆಗುವ ಹಾನಿ ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ

(ಗ್ರಾಮ ಪಂಚಾಯಿತಿ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಸದಸ್ಯರ ಅಧ್ಯಯನಕ್ಕಾಗಿ)

ಪಾಠದ ಉದ್ದೇಶ

ಈ ಪಾಠವನ್ನು ಓದಿದ ಬಳಿಕ ಸದಸ್ಯರು ಮೂರು ವಿಷಯಗಳಲ್ಲಿ ಸ್ಪಷ್ಟತೆ ಹೊಂದಬೇಕೆಂಬುದು ಆಶಯ. ಮೊದಲನೆಯದು, ಒಬ್ಬ ವ್ಯಕ್ತಿಯ ಖಾಸಗಿ ವಿಡಿಯೊ ಹೇಗೆ ಹೊರಬೀಳುತ್ತದೆ ಮತ್ತು ಹೇಗೆ ಹರಡುತ್ತದೆ ಎಂಬುದು. ಎರಡನೆಯದು, ಅದನ್ನು ನೋಡಿ ಮುಂದಕ್ಕೆ ಕಳುಹಿಸುವವರ ಮೇಲೆ ಕಾನೂನು ಹೊರಿಸಿರುವ ಹೊಣೆ ಏನು ಎಂಬುದು. ಮೂರನೆಯದು, ನೊಂದವರು ಸದಸ್ಯರ ಬಳಿಗೆ ಬಂದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದು.

1. ಈ ವಿಷಯ ಪಂಚಾಯಿತಿಗೆ ಏಕೆ ಸಂಬಂಧಿಸಿದ್ದು?

ಖಾಸಗಿ ವಿಡಿಯೊ ಸೋರಿಕೆ ನಗರದ ಪಿಡುಗು ಎಂಬ ಭಾವನೆ ಇನ್ನೂ ಉಳಿದಿದೆ. ವಾಸ್ತವದಲ್ಲಿ ಇದರ ಪೆಟ್ಟು ಹಳ್ಳಿಯಲ್ಲಿಯೇ ಹೆಚ್ಚು ಆಳವಾಗಿ ಬೀಳುತ್ತದೆ. ನಗರದಲ್ಲಿ ವಿಡಿಯೊ ನೋಡಿದವರಲ್ಲಿ ಬಹುಪಾಲು ಜನ ಅಪರಿಚಿತರು. ಹಳ್ಳಿಯಲ್ಲಿ ನೋಡಿದವರು ಅದೇ ಬೀದಿಯವರು, ಅದೇ ನೀರಿನ ಟ್ಯಾಂಕಿನ ಬಳಿ ಸೇರುವವರು, ಅದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುವವರು. ನೊಂದವರಿಗೆ ಮುಖ ಮರೆಸಿಕೊಳ್ಳಲು ಜಾಗವೇ ಇರುವುದಿಲ್ಲ.

ಇಂಥ ಸಂದರ್ಭದಲ್ಲಿ ಬಹಳಷ್ಟು ಕುಟುಂಬಗಳು ಮೊದಲು ಹೋಗುವುದು ಪೊಲೀಸ್ ಠಾಣೆಗಲ್ಲ, ತಮ್ಮ ವಾರ್ಡಿನ ಸದಸ್ಯರ ಮನೆಗೆ. ಸದಸ್ಯರು ಆ ಗಳಿಗೆಯಲ್ಲಿ ಆಡುವ ಮಾತು ಒಂದು ಜೀವವನ್ನು ಉಳಿಸಬಹುದು, ಇಲ್ಲವೇ ಕುಗ್ಗಿಸಬಹುದು. ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರೇ ಇರುವ ನಮ್ಮ ಪಂಚಾಯಿತಿಗಳಲ್ಲಿ, ತಿರುಚಿದ ಚಿತ್ರವನ್ನು ಮುಂದಿಟ್ಟು ಮಹಿಳಾ ಪ್ರತಿನಿಧಿಯೊಬ್ಬರನ್ನು ಬೆದರಿಸುವ ಸಾಧ್ಯತೆಯೂ ಇದೆ ಎಂಬುದನ್ನು ಮರೆಯಬಾರದು.

2. ಸೋರಿಕೆ ಎಲ್ಲಿಂದ ಆರಂಭವಾಗುತ್ತದೆ?

“ವಿಡಿಯೊ ಮಾಡಿಕೊಂಡಿದ್ದೇ ತಪ್ಪು” ಎಂಬ ಮಾತು ಊರಿನಲ್ಲಿ ಮೊದಲು ಕೇಳಿಬರುತ್ತದೆ. ಆದರೆ ಸೋರಿಕೆಯ ದಾರಿಗಳನ್ನು ಗಮನಿಸಿದರೆ ಅನೇಕ ಪ್ರಕರಣಗಳಲ್ಲಿ ನೊಂದವರಿಗೆ ಚಿತ್ರೀಕರಣದ ಅರಿವೇ ಇರುವುದಿಲ್ಲ.

ಒಂದು, ನಂಬಿಕೆ ದ್ರೋಹ. ಪ್ರೀತಿಯಲ್ಲಿದ್ದಾಗ ಅಥವಾ ದಾಂಪತ್ಯದಲ್ಲಿದ್ದಾಗ ತೆಗೆದ ಚಿತ್ರವನ್ನು ಸಂಬಂಧ ಮುರಿದ ಮೇಲೆ ಸೇಡಿಗಾಗಿ ಹರಿಬಿಡುವುದು. ಎರಡು, ಬಚ್ಚಲು, ಶೌಚಾಲಯ, ವಸತಿಗೃಹ, ಬಟ್ಟೆ ಬದಲಿಸುವ ಕೋಣೆಗಳಲ್ಲಿ ಮೊಬೈಲ್ ಅಥವಾ ಕ್ಯಾಮೆರಾ ಅಡಗಿಸಿಟ್ಟು ಚಿತ್ರೀಕರಿಸುವುದು. ಮೂರು, ಕಳೆದುಹೋದ, ಮಾರಿದ ಅಥವಾ ರಿಪೇರಿಗೆ ಕೊಟ್ಟ ಮೊಬೈಲ್‌ನಿಂದ ಚಿತ್ರಗಳನ್ನು ಕದಿಯುವುದು. ಅಳಿಸಿದ ಕಡತಗಳನ್ನೂ ಕೆಲವೊಮ್ಮೆ ಮರಳಿ ಪಡೆಯಲು ಸಾಧ್ಯವಿದೆ. ನಾಲ್ಕು, ಅಪರಿಚಿತರು ವಿಡಿಯೊ ಕರೆ ಮಾಡಿ, ಎದುರಿನವರನ್ನು ಪ್ರಚೋದಿಸಿ, ಪರದೆಯನ್ನು ರೆಕಾರ್ಡ್ ಮಾಡಿಕೊಂಡು ಹಣ ಕೀಳುವುದು. ಇದಕ್ಕೆ ಪುರುಷರೂ ಹಿರಿಯರೂ ಬಲಿಯಾಗುತ್ತಿದ್ದಾರೆ. ಐದು, ಸಾಲ ನೀಡುವ ನಕಲಿ ಆ್ಯಪ್‌ಗಳು ಮೊಬೈಲ್‌ನಲ್ಲಿರುವ ಫೋಟೊ ಮತ್ತು ಸಂಪರ್ಕ ಸಂಖ್ಯೆಗಳನ್ನು ಪಡೆದು, ಅಶ್ಲೀಲವಾಗಿ ತಿರುಚಿದ ಚಿತ್ರವನ್ನು ನೆಂಟರಿಷ್ಟರಿಗೆ ಕಳುಹಿಸುವುದಾಗಿ ಬೆದರಿಸುವುದು.

ಆರನೆಯ ದಾರಿ ಹೊಸದು: ಕೃತಕ ಬುದ್ಧಿಮತ್ತೆ. 2023ರ ನವೆಂಬರ್‌ನಲ್ಲಿ ಕೊಡಗು ಮೂಲದ ನಟಿ ರಶ್ಮಿಕಾ ಮಂದಣ್ಣ ಅವರ ಹೆಸರಿನಲ್ಲಿ ವಿಡಿಯೊವೊಂದು ದೇಶದಾದ್ಯಂತ ಹರಡಿತು. ಅದರಲ್ಲಿದ್ದದ್ದು ಬೇರೊಬ್ಬ ಮಹಿಳೆಯ ದೇಹ. ಮುಖವನ್ನು ಮಾತ್ರ ತಂತ್ರಾಂಶದಿಂದ ಜೋಡಿಸಲಾಗಿತ್ತು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರಪ್ರದೇಶದಲ್ಲಿ ಆರೋಪಿಯನ್ನು ಬಂಧಿಸಿದರು. ಇನ್‌ಸ್ಟಾಗ್ರಾಂನಲ್ಲಿ ಹಿಂಬಾಲಕರನ್ನು ಹೆಚ್ಚಿಸಿಕೊಳ್ಳುವುದು ಆತನ ಉದ್ದೇಶವಾಗಿತ್ತೆಂದು ಪೊಲೀಸರು ತಿಳಿಸಿದರು. ಮದುವೆ ಮನೆಯಲ್ಲಿ ತೆಗೆದ ಒಂದು ಸಾದಾ ಫೋಟೊ ಸಾಕು, ಯಾರ ಹೆಸರನ್ನಾದರೂ ಕೆಡಿಸಬಹುದು ಎಂಬ ಕಾಲ ಇದು. ಹೀಗಿರುವಾಗ ನೊಂದವರ ನಡತೆಯನ್ನು ಪ್ರಶ್ನಿಸುವುದು ಅನ್ಯಾಯವಷ್ಟೇ ಅಲ್ಲ, ಅವಿವೇಕವೂ ಹೌದು.

3. ಹರಡುವ ಬಗೆ

ಸದಸ್ಯರು ಒಂದು ಸರಳ ಲೆಕ್ಕವನ್ನು ಗಮನಿಸಬೇಕು. ಒಬ್ಬರು ಒಂದು ವಿಡಿಯೊವನ್ನು 5 ಜನರಿಗೆ ಕಳುಹಿಸುತ್ತಾರೆ ಎಂದುಕೊಳ್ಳೋಣ. ಆ ಐವರಲ್ಲಿ ಪ್ರತಿಯೊಬ್ಬರೂ ಮತ್ತೆ ಐವರಿಗೆ ಕಳುಹಿಸಿದರೆ 25 ಜನರಾಗುತ್ತಾರೆ. ಮೂರನೆಯ ಹಂತದಲ್ಲಿ 125, ನಾಲ್ಕನೆಯದರಲ್ಲಿ 625, ಐದನೆಯದರಲ್ಲಿ 3,125, ಆರನೆಯದರಲ್ಲಿ 15,625. ಪ್ರತಿ ಹಂತಕ್ಕೆ ಹತ್ತು ನಿಮಿಷ ಹಿಡಿದರೂ ಒಂದು ಗಂಟೆಯೊಳಗೆ ವಿಡಿಯೊ ಒಂದು ಹೋಬಳಿಯನ್ನು ಸುತ್ತಿಬರುತ್ತದೆ. ಗುಂಪುಗಳಿಗೆ ಕಳುಹಿಸಿದರೆ ವೇಗ ಇನ್ನೂ ಹೆಚ್ಚು. ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ 1,024 ಜನರವರೆಗೆ ಇರಬಹುದು.

ಈ ವೇಗವನ್ನು ತಗ್ಗಿಸಲೆಂದೇ ವಾಟ್ಸ್‌ಆ್ಯಪ್ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು. 2020ರಲ್ಲಿ, ಹಲವು ಬಾರಿ ಫಾರ್ವರ್ಡ್ ಆದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸುವಂತೆ ಮಿತಿಗೊಳಿಸಿತು. ಆದರೂ ವಿಡಿಯೊವನ್ನು ಮೊಬೈಲ್‌ನಲ್ಲಿ ಉಳಿಸಿಕೊಂಡು ಹೊಸದಾಗಿ ಕಳುಹಿಸುವವರಿಗೆ, ಬ್ಲೂಟೂತ್ ಅಥವಾ ಪೆನ್‌ಡ್ರೈವ್ ಮೂಲಕ ಹಂಚುವವರಿಗೆ ಈ ತಡೆ ಅನ್ವಯಿಸುವುದಿಲ್ಲ.

ಇನ್ನೊಂದು ಅಂಶವೂ ಇದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳಲ್ಲಿ ಹಾಕಿದ ವಿಡಿಯೊವನ್ನು ಸಂಸ್ಥೆ ತೆಗೆದುಹಾಕಬಲ್ಲದು. ವಾಟ್ಸ್‌ಆ್ಯಪ್‌ನ ಸಂದೇಶಗಳು ಗೂಢಲಿಪಿಯಲ್ಲಿ ಸಾಗುವುದರಿಂದ ಅವು ಸಂಸ್ಥೆಗೆ ಕಾಣುವುದಿಲ್ಲ. ಸಾವಿರ ಮೊಬೈಲ್‌ಗಳಲ್ಲಿ ಉಳಿದ ಪ್ರತಿಯನ್ನು ಯಾವ ಸಂಸ್ಥೆಯೂ ಯಾವ ಆದೇಶವೂ ಸಂಪೂರ್ಣವಾಗಿ ಅಳಿಸಲಾರದು. ಆದ್ದರಿಂದ ನಿಜವಾದ ತಡೆ ಇರುವುದು ಮುಂದಕ್ಕೆ ಕಳುಹಿಸುವ ಬೆರಳಿನಲ್ಲಿ. ನನ್ನೊಬ್ಬನಿಂದ ಏನಾಗುತ್ತದೆ ಎಂದುಕೊಳ್ಳುವ ಪ್ರತಿಯೊಬ್ಬರೂ ಮೇಲಿನ ಲೆಕ್ಕದ ಒಂದು ಹಂತವೇ ಆಗಿರುತ್ತಾರೆ.

4. ಆಗುವ ಹಾನಿ

ಮೊದಲ ಹಾನಿ ಮನಸ್ಸಿನದು. ವಿಡಿಯೊವನ್ನು ಯಾರು ನೋಡಿದ್ದಾರೆ, ಯಾರು ನೋಡಿಲ್ಲ ಎಂಬುದು ನೊಂದವರಿಗೆ ಎಂದೂ ತಿಳಿಯುವುದಿಲ್ಲ. ಎದುರು ಸಿಕ್ಕ ಪ್ರತಿಯೊಬ್ಬರ ಕಣ್ಣಿನಲ್ಲೂ ಅದನ್ನೇ ಹುಡುಕುವಂತಾಗುತ್ತದೆ. ನಿದ್ರೆ, ಊಟ, ಮಾತು ಕಡಿಮೆಯಾಗುತ್ತವೆ. ಕೆಲವರು ಜೀವ ಕಳೆದುಕೊಳ್ಳುವ ಯೋಚನೆಗೆ ಜಾರುತ್ತಾರೆ. ಕಳ್ಳತನದ ನಷ್ಟ ಒಂದು ದಿನದ್ದು. ಈ ನಷ್ಟ ವಿಡಿಯೊ ಮತ್ತೆ ಕಾಣಿಸಿಕೊಂಡಾಗಲೆಲ್ಲ ಹೊಸದಾಗಿ ಆಗುತ್ತದೆ.

ಎರಡನೆಯದು ಬದುಕಿನ ಹಾನಿ. ಹುಡುಗಿಯನ್ನು ಶಾಲೆ ಬಿಡಿಸುತ್ತಾರೆ. ವಯಸ್ಸು ತುಂಬುವ ಮುನ್ನವೇ ದೂರದ ಊರಿಗೆ ಮದುವೆ ಮಾಡಿ ಕಳುಹಿಸುವ ಆತುರ ಹುಟ್ಟುತ್ತದೆ. ಹೀಗೆ ಒಂದು ಅಪರಾಧಕ್ಕೆ ಬಾಲ್ಯವಿವಾಹವೆಂಬ ಇನ್ನೊಂದು ಅಪರಾಧ ಸೇರಿಕೊಳ್ಳುತ್ತದೆ. ಗಾರ್ಮೆಂಟ್ಸ್‌ಗೋ ಅಂಗನವಾಡಿಗೋ ಹೋಗುತ್ತಿದ್ದವರು ಕೆಲಸ ಬಿಡುತ್ತಾರೆ. ಸ್ವಸಹಾಯ ಸಂಘದ ಸಭೆಗೆ ಬರುವುದನ್ನು ನಿಲ್ಲಿಸುತ್ತಾರೆ.

ಮೂರನೆಯದು ಊರಿನ ಹಾನಿ. ವಿಡಿಯೊದಲ್ಲಿರುವವರ ಜಾತಿ, ಧರ್ಮಗಳನ್ನು ಎತ್ತಿ ಜಗಳ ಕಟ್ಟುವವರಿರುತ್ತಾರೆ. ಎಲ್ಲಿಯದೋ ವಿಡಿಯೊವನ್ನು ನಮ್ಮೂರಿನ ಹುಡುಗಿಯದೆಂದು ಹೇಳಿ, ಸಂಬಂಧವೇ ಇಲ್ಲದವರ ಬದುಕನ್ನು ಹಾಳುಮಾಡುವುದೂ ಉಂಟು.

5. ಹಾಸನದ ಪ್ರಕರಣದಿಂದ ಕಲಿಯಬೇಕಾದದ್ದು

2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಮತದಾನಕ್ಕೆ ಮುನ್ನ, ಹಾಸನ ಜಿಲ್ಲೆಯಲ್ಲಿ ಪೆನ್‌ಡ್ರೈವ್‌ಗಳು ಹಂಚಿಕೆಯಾದವು. ಅವುಗಳಲ್ಲಿದ್ದ ವಿಡಿಯೊಗಳಲ್ಲಿ ಅನೇಕ ಮಹಿಳೆಯರ ಮುಖಗಳನ್ನು ಮರೆಮಾಡಿರಲಿಲ್ಲ. ರಾಜ್ಯ ಸರ್ಕಾರವು ವಿಶೇಷ ತನಿಖಾ ತಂಡವನ್ನು ರಚಿಸಿತು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಒಂದು ಅತ್ಯಾಚಾರ ಪ್ರಕರಣದಲ್ಲಿ ಅಪರಾಧಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ರಾಜಕೀಯವನ್ನು ಬದಿಗಿಟ್ಟು ನಾವು ಗಮನಿಸಬೇಕಾದ ಸಂಗತಿ ಇಷ್ಟು. “ವಿಡಿಯೊ ಹೊರಬಂದಿದ್ದರಿಂದಲೇ ಅಪರಾಧ ಬಯಲಾಯಿತಲ್ಲವೇ?” ಎಂದು ಕೆಲವರು ಕೇಳಬಹುದು. ಅಪರಾಧದ ಸಾಕ್ಷ್ಯ ತಲುಪಬೇಕಾದದ್ದು ಪೊಲೀಸರಿಗೆ ಮತ್ತು ನ್ಯಾಯಾಲಯಕ್ಕೆ. ಅದು ಬೀದಿಗೆ ಬಿದ್ದಾಗ ಶಿಕ್ಷೆ ಅನುಭವಿಸಿದವರು ಆ ಮಹಿಳೆಯರು. ಗುರುತು ಬಯಲಾದ ಕೆಲವರು ಮನೆ, ಊರು ತೊರೆದರೆಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಇಂಥ ವಾತಾವರಣದಲ್ಲಿ ದೂರು ನೀಡಲು ಮುಂದೆ ಬರುವುದು ಎಷ್ಟು ಕಠಿಣವೆಂಬುದನ್ನು ಊಹಿಸಬಹುದು. ಆ ವಿಡಿಯೊಗಳನ್ನು ಹಂಚಿಕೊಳ್ಳುವುದು ಶಿಕ್ಷಾರ್ಹ ಅಪರಾಧವೆಂದು ತನಿಖಾ ತಂಡವೇ ಸಾರ್ವಜನಿಕರಿಗೆ ಎಚ್ಚರಿಕೆ ನೀಡಬೇಕಾಯಿತು. ಕೃತ್ಯ ಎಸಗಿದವನ ತಪ್ಪು ಒಂದು, ವಿಡಿಯೊ ಹಂಚಿದವರ ತಪ್ಪು ಇನ್ನೊಂದು. ಒಂದನ್ನು ತೋರಿಸಿ ಇನ್ನೊಂದನ್ನು ಸಮರ್ಥಿಸಲಾಗದು.

6. ಕಾನೂನು ಏನು ಹೇಳುತ್ತದೆ?

ಖಾಸಗಿತನವು ಸಂವಿಧಾನದ 21ನೇ ವಿಧಿಯಡಿ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಮ್ಮ ರಾಜ್ಯಕ್ಕೆ ಹೆಮ್ಮೆಯ ವಿಷಯ. ಈ ಹಕ್ಕನ್ನು ಕಾಪಾಡುವ ಮುಖ್ಯ ಕಲಂಗಳು ಇಂತಿವೆ.

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000, ಕಲಂ 66ಇ: ಒಪ್ಪಿಗೆಯಿಲ್ಲದೆ ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರ ತೆಗೆಯುವುದು, ಪ್ರಕಟಿಸುವುದು ಅಥವಾ ರವಾನಿಸುವುದು. 3 ವರ್ಷಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಅದೇ ಅಧಿನಿಯಮದ ಕಲಂ 67ಎ: ಲೈಂಗಿಕ ಕ್ರಿಯೆಯನ್ನು ತೋರಿಸುವ ವಿಷಯವನ್ನು ಪ್ರಕಟಿಸುವುದು ಅಥವಾ ರವಾನಿಸುವುದು. ಮೊದಲ ಬಾರಿಗೆ 5 ವರ್ಷಗಳವರೆಗೆ ಸೆರೆವಾಸ ಮತ್ತು 10 ಲಕ್ಷ ರೂಪಾಯಿವರೆಗೆ ದಂಡ. ಮರುಕಳಿಸಿದರೆ ಸೆರೆವಾಸ 7 ವರ್ಷಗಳವರೆಗೆ. ಇಲ್ಲಿ “ರವಾನಿಸುವುದು” ಎಂಬ ಪದವನ್ನು ಗಮನಿಸಬೇಕು. ಫಾರ್ವರ್ಡ್ ಮಾಡುವುದು ಎಂದರೆ ರವಾನಿಸುವುದೇ.

ಭಾರತೀಯ ನ್ಯಾಯ ಸಂಹಿತೆ, 2023, ಕಲಂ 77: ಮಹಿಳೆಯ ಖಾಸಗಿ ಕ್ರಿಯೆಯನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಅಥವಾ ಹಂಚುವುದು. ಮೊದಲ ಬಾರಿಗೆ 1ರಿಂದ 3 ವರ್ಷ, ಮರುಕಳಿಸಿದರೆ 3ರಿಂದ 7 ವರ್ಷ ಸೆರೆವಾಸ ಮತ್ತು ದಂಡ. ಈ ಕಲಂನ ವಿವರಣೆಯು ಬಹು ಮುಖ್ಯವಾದುದು: ಮಹಿಳೆಯು ಚಿತ್ರ ತೆಗೆಯಲು ಒಪ್ಪಿದ್ದರೂ, ಇತರರಿಗೆ ಹಂಚಲು ಒಪ್ಪಿರದಿದ್ದರೆ ಹಂಚುವುದು ಅಪರಾಧವೇ. “ಅವಳೇ ಒಪ್ಪಿ ಮಾಡಿಕೊಂಡದ್ದು” ಎಂಬ ವಾದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ವಿಡಿಯೊ ತೋರಿಸಿ ಹಣ ಕೇಳಿದರೆ ಸುಲಿಗೆ, ಬೆದರಿಸಿದರೆ ಅಪರಾಧಿಕ ಬೆದರಿಕೆಯ ಕಲಂಗಳೂ ಅನ್ವಯಿಸುತ್ತವೆ.

ವಿಡಿಯೊದಲ್ಲಿರುವವರು 18 ವರ್ಷದೊಳಗಿನವರಾದರೆ ಕಾನೂನು ಇನ್ನಷ್ಟು ಕಠಿಣ. ಪೋಕ್ಸೊ ಅಧಿನಿಯಮ, 2012 ಹಾಗೂ ಮಾಹಿತಿ ತಂತ್ರಜ್ಞಾನ ಅಧಿನಿಯಮದ ಕಲಂ 67ಬಿ ಅನ್ವಯಿಸುತ್ತವೆ. ಹಂಚುವುದಷ್ಟೇ ಅಲ್ಲ, ಅಳಿಸದೆ, ವರದಿ ಮಾಡದೆ ಮೊಬೈಲ್‌ನಲ್ಲಿ ಇಟ್ಟುಕೊಳ್ಳುವುದೂ ಶಿಕ್ಷಾರ್ಹವಾಗಬಹುದು ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಪೋಕ್ಸೊ ಕಲಂ 19ರಂತೆ, ಅಪರಾಧ ತಿಳಿದುಬಂದ ಯಾವುದೇ ವ್ಯಕ್ತಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ ಕಲಂ 21ರಡಿ 6 ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ಈ ಕರ್ತವ್ಯದಿಂದ ಪಂಚಾಯಿತಿ ಸದಸ್ಯರಿಗೆ ವಿನಾಯಿತಿ ಇಲ್ಲ.

ಇಂಥ ಪ್ರಕರಣಗಳಲ್ಲಿ ಶಿಕ್ಷೆಯೇ ಆಗುವುದಿಲ್ಲ ಎಂಬ ಮಾತೂ ಸರಿಯಲ್ಲ. ಪಶ್ಚಿಮ ಬಂಗಾಳದ ಪೂರ್ವ ಮೇದಿನಿಪುರ ಜಿಲ್ಲೆಯ ತಮ್ಲುಕ್ ನ್ಯಾಯಾಲಯವು 2018ರಲ್ಲಿ, ಯುವತಿಯೊಬ್ಬರ ಖಾಸಗಿ ವಿಡಿಯೊವನ್ನು ಸೇಡಿಗಾಗಿ ಅಂತರ್ಜಾಲಕ್ಕೆ ಹಾಕಿದ ಯುವಕನಿಗೆ 5 ವರ್ಷಗಳ ಸೆರೆವಾಸ ವಿಧಿಸಿತು.

ಗುಂಪಿನ ಅಡ್ಮಿನ್‌ಗಳ ಬಗ್ಗೆ ಒಂದು ಮಾತು. ಸದಸ್ಯನೊಬ್ಬ ಹಾಕಿದ ಸಂದೇಶಕ್ಕೆ ಅಡ್ಮಿನ್ ಆದ ಕಾರಣಕ್ಕಷ್ಟೇ ಹೊಣೆಯಾಗುವುದಿಲ್ಲ ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟ್‌ಗಳು ಹೇಳಿವೆ. ಆದರೆ ಅಡ್ಮಿನ್‌ಗೆ ಯಾವ ಸದಸ್ಯರ ಸಂದೇಶವನ್ನಾದರೂ ಎಲ್ಲರ ಮೊಬೈಲ್‌ಗಳಿಂದ ಅಳಿಸುವ ಸೌಲಭ್ಯವಿದೆ. ಅದನ್ನು ಬಳಸದೆ ಸುಮ್ಮನಿರುವುದು ಜನಪ್ರತಿನಿಧಿಗೆ ತಕ್ಕದ್ದಲ್ಲ.

7. ದೂರು ಬಂದಾಗ: ಮೊದಲ ದಿನದ ಕೆಲಸಗಳು

ಅ) ಮೊದಲು ಧೈರ್ಯ ಹೇಳಿ. “ತಪ್ಪು ನಿನ್ನದಲ್ಲಮ್ಮ, ಇದಕ್ಕೆ ದಾರಿ ಇದೆ” ಎಂಬ ಎರಡು ಮಾತು ಬೇರೆಲ್ಲ ಕೆಲಸಕ್ಕಿಂತ ಮುಂಚಿನದು. ನೊಂದವರನ್ನು ಒಂಟಿಯಾಗಿ ಬಿಡದಂತೆ ಮನೆಯವರಿಗೆ ತಿಳಿಸಿ. ಜೀವಕ್ಕೆ ಅಪಾಯವಿದೆ ಎನಿಸಿದರೆ 112ಕ್ಕೆ ಕರೆ ಮಾಡಿ. ಮಾನಸಿಕ ನೆರವಿಗೆ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ಲಭ್ಯ.

ಆ) ವಿಡಿಯೊ ತೋರಿಸುವಂತೆ ಕೇಳಬೇಡಿ. ನಿಮ್ಮ ಮೊಬೈಲ್‌ಗೆ ಕಳುಹಿಸಿಕೊಳ್ಳಬೇಡಿ. ಪರಿಶೀಲನೆಗಾಗಿ ಎಂದರೂ ಅದು ಮತ್ತೊಂದು ರವಾನೆಯೇ.

ಇ) ಸಾಕ್ಷ್ಯ ಉಳಿಸಿಕೊಳ್ಳಲು ನೆರವಾಗಿ. ವಿಡಿಯೊ ಕಂಡ ಪುಟದ ಲಿಂಕ್, ಖಾತೆಯ ಹೆಸರು, ಗುಂಪಿನ ಹೆಸರು, ಕಳುಹಿಸಿದವರ ಮೊಬೈಲ್ ಸಂಖ್ಯೆ, ದಿನಾಂಕ ಮತ್ತು ಸಮಯವನ್ನು ಬರೆದಿಡಿ. ಬೆದರಿಕೆಯ ಸಂದೇಶಗಳನ್ನು ಅಳಿಸದಂತೆ ತಿಳಿಸಿ. ಭಯದಿಂದ ಮೊಬೈಲ್ ಒಡೆದುಹಾಕುವುದು, ಖಾತೆ ಮುಚ್ಚುವುದು ಬೇಡ. ಹಣಕ್ಕೆ ಬೇಡಿಕೆ ಇದ್ದರೆ ಕೊಡುವುದು ಬೇಡ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ.

ಈ) ದೂರು ದಾಖಲಿಸಲು ಜೊತೆಗೆ ಹೋಗಿ. ಹತ್ತಿರದ ಠಾಣೆಯಲ್ಲಿ ಅಥವಾ ಜಿಲ್ಲಾ ಸಿಇಎನ್ ಠಾಣೆಯಲ್ಲಿ ದೂರು ನೀಡಬಹುದು. ಅಪರಾಧ ಎಲ್ಲಿಯೇ ನಡೆದಿರಲಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ ಯಾವುದೇ ಠಾಣೆ ಮಾಹಿತಿಯನ್ನು ದಾಖಲಿಸಿಕೊಳ್ಳಬೇಕು. ಕಲಂ 77ರಂಥ ಅಪರಾಧಗಳಲ್ಲಿ ಮಹಿಳೆಯ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಠಾಣೆಯಲ್ಲಿ ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ದೂರು ಕಳುಹಿಸಬಹುದು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರುಗಳಿಗೆ ಪ್ರತ್ಯೇಕ ವಿಭಾಗವಿದ್ದು, ಅಲ್ಲಿ ಹೆಸರು ತಿಳಿಸದೆಯೂ ಮಾಹಿತಿ ನೀಡಬಹುದು. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಉ) ವಿಡಿಯೊ ತೆಗೆಸುವ ಕೆಲಸವನ್ನು ಅಂದೇ ಆರಂಭಿಸಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು, ಇಂಥ ವಿಷಯದ ಬಗ್ಗೆ ನೊಂದವರು ಅಥವಾ ಅವರ ಪರವಾಗಿ ಇನ್ನೊಬ್ಬರು ದೂರು ನೀಡಿದ 24 ಗಂಟೆಗಳೊಳಗೆ ಕ್ರಮ ಕೈಗೊಳ್ಳುವ ಹೊಣೆಯನ್ನು ಜಾಲತಾಣಗಳ ಮೇಲೆ ಹೊರಿಸಿದವು. ತಿರುಚಿದ ಚಿತ್ರಗಳಿಗೂ ಇದು ಅನ್ವಯ. ಇದಲ್ಲದೆ 18 ವರ್ಷ ತುಂಬಿದವರಿಗೆ ‘ಸ್ಟಾಪ್ ಎನ್‌ಸಿಐಐ’, ಅದಕ್ಕಿಂತ ಕಿರಿಯರಿಗೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಗಳಿವೆ. ಇವುಗಳಲ್ಲಿ ವಿಡಿಯೊವನ್ನು ಯಾರಿಗೂ ಕಳುಹಿಸಬೇಕಿಲ್ಲ. ಅದರ ಬೆರಳಚ್ಚಿನಂಥ ಒಂದು ಗುರುತು ಮಾತ್ರ ಭಾಗವಹಿಸುವ ಸಂಸ್ಥೆಗಳಿಗೆ ತಲುಪಿ, ಅದೇ ವಿಡಿಯೊ ಮತ್ತೆ ಬಂದರೆ ತಡೆಯಲು ನೆರವಾಗುತ್ತದೆ.

ಊ) ಮುಂದಿನ ನೆರವು ಕೊಡಿಸಿ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ಜಿಲ್ಲೆಯ ಸಖಿ ಕೇಂದ್ರ ಇವುಗಳ ಸಂಪರ್ಕ ಮಾಡಿಸಿ. ಕಾನೂನು ಸೇವೆಗಳ ಪ್ರಾಧಿಕಾರದಿಂದ ಮಹಿಳೆಯರು ಮತ್ತು ಮಕ್ಕಳು ವರಮಾನದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಪಡೆಯಬಹುದು. ಅದರ ಸಹಾಯವಾಣಿ 15100.

8. ಊರೊಳಗಿನ ರಾಜಿ ಸಲ್ಲದು

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಯುವತಿಯೊಬ್ಬಳ ವಿಡಿಯೊವನ್ನು ಅದೇ ಊರಿನ ಯುವಕ ಹಂಚಿದ್ದಾನೆ. ಹಿರಿಯರು ಸದಸ್ಯರನ್ನು ಕರೆದು ಹೇಳುತ್ತಾರೆ: “ಠಾಣೆ, ಕೋರ್ಟು ಅಂತ ಹೋದರೆ ಎರಡೂ ಮನೆಯ ಮಾನ ಹೋಗುತ್ತದೆ. ಹುಡುಗನಿಂದ ತಪ್ಪುಕಾಣಿಕೆ ಹಾಕಿಸಿ, ನಾಲ್ಕು ಜನರ ಮುಂದೆ ಕ್ಷಮೆ ಕೇಳಿಸಿ ಮುಗಿಸಿಬಿಡೋಣ.” ಸದಸ್ಯರಿಗೆ ಇದು ಸುಲಭದ ದಾರಿಯಾಗಿ ಕಾಣಬಹುದು. ಆದರೆ ಮೂರು ಕಾರಣಗಳಿಂದ ಇದು ತಪ್ಪು ದಾರಿ.

ಮೊದಲನೆಯದಾಗಿ, ಇದಕ್ಕೆ ಅಧಿಕಾರವೇ ಇಲ್ಲ. ಮಾಹಿತಿ ತಂತ್ರಜ್ಞಾನ ಅಧಿನಿಯಮದ ಕಲಂ 77ಎ ಪ್ರಕಾರ, ಮಹಿಳೆ ಅಥವಾ ಮಕ್ಕಳ ವಿರುದ್ಧದ ಅಪರಾಧಗಳಲ್ಲಿ ನ್ಯಾಯಾಲಯವೂ ರಾಜಿಗೆ ಅವಕಾಶ ನೀಡುವಂತಿಲ್ಲ. ನ್ಯಾಯಾಲಯಕ್ಕೇ ಇಲ್ಲದ ಅಧಿಕಾರ ಊರ ಕಟ್ಟೆಗೆ ಬರಲಾರದು. ಎರಡನೆಯದಾಗಿ, ಕ್ಷಮೆ ಕೇಳಿದ ಯುವಕನ ಮೊಬೈಲ್‌ನಲ್ಲಿ, ಅವನ ಗೆಳೆಯರ ಮೊಬೈಲ್‌ಗಳಲ್ಲಿ ವಿಡಿಯೊ ಹಾಗೆಯೇ ಉಳಿದಿರುತ್ತದೆ. ಮೊಬೈಲ್ ವಶಪಡಿಸಿಕೊಳ್ಳುವ ಅಧಿಕಾರ ಪೊಲೀಸರಿಗೆ ಮಾತ್ರ ಇದೆ. ಮೂರನೆಯದಾಗಿ, ನಾಲ್ಕು ಜನರ ಮುಂದೆ ನಡೆಯುವ ಪಂಚಾಯಿತಿಯೇ ಯುವತಿಯ ಹೆಸರನ್ನು ನಾನೂರು ಜನರಿಗೆ ಮುಟ್ಟಿಸುತ್ತದೆ. “ಅವನಿಗೇ ಮದುವೆ ಮಾಡಿಬಿಡಿ” ಎಂಬ ಸಲಹೆಯಂತೂ ಅಪರಾಧಿಯ ಕೈಗೇ ನೊಂದವಳನ್ನು ಒಪ್ಪಿಸಿದಂತೆ.

ಹಿರಿಯರನ್ನು ಧಿಕ್ಕರಿಸಬೇಕಿಲ್ಲ. “ಇದು ನಮ್ಮ ಕೈಯಲ್ಲಿಲ್ಲ, ನಾವು ಮುಚ್ಚಿಟ್ಟರೆ ನಾವೂ ತಪ್ಪಿತಸ್ಥರಾಗುತ್ತೇವೆ” ಎಂದು ವಿನಯದಿಂದ, ಆದರೆ ಗಟ್ಟಿಯಾಗಿ ಹೇಳಿದರೆ ಸಾಕು.

9. ಪಂಚಾಯಿತಿ ಮುಂಚಿತವಾಗಿ ಮಾಡಬಹುದಾದದ್ದು

ಸೋರಿಕೆಯಾದ ಮೇಲಿನ ಓಡಾಟಕ್ಕಿಂತ ಮುಂಚಿನ ಎಚ್ಚರ ಅಗ್ಗದ್ದು. ಮಹಿಳಾ ಗ್ರಾಮ ಸಭೆ ಮತ್ತು ಮಕ್ಕಳ ಗ್ರಾಮ ಸಭೆಗಳ ಕಾರ್ಯಸೂಚಿಯಲ್ಲಿ ಮೊಬೈಲ್ ಸುರಕ್ಷತೆಯನ್ನು ಒಂದು ವಿಷಯವಾಗಿ ಸೇರಿಸಬಹುದು. ಅರಿವು ಕೇಂದ್ರ, ಪ್ರೌಢಶಾಲೆ, ಹಾಲಿನ ಡೇರಿ ಹಾಗೂ ಬಸ್ ತಂಗುದಾಣಗಳಲ್ಲಿ 112, 181, 1098, 1930 ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಬರೆಸಬಹುದು. ಹುಡುಗಿಯರಿಗೆ ಎಚ್ಚರಿಕೆ ಹೇಳುವುದಷ್ಟೇ ಅರಿವಲ್ಲ. ಯುವಕ ಸಂಘ, ಕ್ರಿಕೆಟ್ ತಂಡಗಳ ಹುಡುಗರನ್ನು ಕೂರಿಸಿಕೊಂಡು ಮೇಲಿನ ಲೆಕ್ಕವನ್ನೂ ಶಿಕ್ಷೆಯ ವಿವರವನ್ನೂ ತಿಳಿಸುವುದು ಅಷ್ಟೇ ಅಗತ್ಯ. ಸಮುದಾಯ ಶೌಚಾಲಯ ಹಾಗೂ ಪಂಚಾಯಿತಿ ಕಟ್ಟಡಗಳ ಕಿಟಕಿ, ಬಾಗಿಲು, ಚಿಲಕಗಳನ್ನು ಆಗಾಗ್ಗೆ ಪರಿಶೀಲಿಸಬೇಕು.

ಸಭೆಯಲ್ಲಿ ಇಂಥ ವಿಷಯ ಚರ್ಚೆಗೆ ಬಂದರೆ ನಡವಳಿ ಪುಸ್ತಕದಲ್ಲಿ ನೊಂದವರ ಹೆಸರು, ಮನೆತನ, ಬೀದಿಯ ವಿವರ ಬರೆಯಬಾರದು. ನಡವಳಿ ಸಾರ್ವಜನಿಕ ದಾಖಲೆ ಎಂಬುದನ್ನು ಅಧ್ಯಕ್ಷರೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳೂ ನೆನಪಿಡಬೇಕು. ಗ್ರಾಮ ಸಭೆಯ ಮೈಕಿನಲ್ಲಿ ಯಾರಾದರೂ ಹೆಸರೆತ್ತಿದರೆ ಅಧ್ಯಕ್ಷರು ತಕ್ಷಣ ತಡೆಯಬೇಕು.

ಕೊನೆಯದಾಗಿ, ಸದಸ್ಯರು ತಮ್ಮ ಮೊಬೈಲ್‌ನಿಂದಲೇ ಆರಂಭಿಸಬೇಕು. ತಾವಿರುವ ಗುಂಪಿಗೆ ಇಂಥ ವಿಡಿಯೊ ಬಂದರೆ ಮುಂದಕ್ಕೆ ಕಳುಹಿಸದೆ, “ಇದು ಅಪರಾಧ, ಅಳಿಸಿ” ಎಂದು ಅಲ್ಲಿಯೇ ಬರೆಯಬೇಕು. ಊರಿನ ಜನ ಸದಸ್ಯರ ಮಾತಿಗಿಂತ ನಡೆಯನ್ನು ಹೆಚ್ಚು ಗಮನಿಸುತ್ತಾರೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಪಂಚಾಯಿತಿ ವ್ಯಾಪ್ತಿಯಿಂದ ಅತಿ ಹತ್ತಿರದ ಠಾಣೆ, ಸಿಇಎನ್ ಠಾಣೆ ಮತ್ತು ಸಖಿ ಕೇಂದ್ರ ಎಲ್ಲಿವೆ? ಅವುಗಳ ದೂರವಾಣಿ ಸಂಖ್ಯೆ ಪ್ರತಿಯೊಬ್ಬ ಸದಸ್ಯರಲ್ಲೂ ಇದೆಯೇ?

2. ನೊಂದ ಮಹಿಳೆಯೊಬ್ಬರು ಪುರುಷ ಸದಸ್ಯರ ಬಳಿ ಹೇಳಿಕೊಳ್ಳಲು ಹಿಂಜರಿದರೆ, ಅವರು ಮಾತನಾಡಬಹುದಾದ ಮಹಿಳೆ ನಮ್ಮ ಪಂಚಾಯಿತಿಯಲ್ಲಿ ಯಾರು?

3. ಹಂಚಿದವನು ನಮ್ಮದೇ ಬಂಧು ಅಥವಾ ಬೆಂಬಲಿಗನಾಗಿದ್ದರೆ ಸದಸ್ಯರ ನಡೆ ಹೇಗಿರಬೇಕು?

4. ನಮ್ಮ ಪಂಚಾಯಿತಿಯ ವಾಟ್ಸ್‌ಆ್ಯಪ್ ಗುಂಪಿಗೆ ಲಿಖಿತ ನಿಯಮಗಳಿವೆಯೇ? ಇಲ್ಲದಿದ್ದರೆ ಮುಂದಿನ ಸಾಮಾನ್ಯ ಸಭೆಯಲ್ಲಿ ಯಾವ ನಿಯಮಗಳನ್ನು ಅಂಗೀಕರಿಸಬಹುದು?